ಪಕ್ಕದ ಮನೆಯ ಗರಗಸಗಳು

'ವಿಜ್ಞಾನ: ವರವೋ ಶಾಪವೋ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯದೆ ಹೈಸ್ಕೂಲು ದಾಟಿದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ನಾನೂ ಬರೆದಿದ್ದೆ. ಆಮೇಲೆ ಟೀಚರಾಗಿ ವರ್ಷ ವರ್ಷವೂ ಮಕ್ಕಳಿಂದ ಬರೆಸಿದ್ದೇನೆ. ಅದರ ಕೊನೆಯ ಪ್ಯಾರಾ ಎಲ್ಲರದೂ ಒಂದೇ. ಚಾಕುವಿನಿಂದ ಹಣ್ಣನ್ನೂ ಹೆಚ್ಚಬಹುದು, ಕತ್ತನ್ನೂ ಕೊಯ್ಯಬಹುದು. ತಪ್ಪು ಚಾಕುವಿನದಲ್ಲ, ಅದನ್ನು ಹಿಡಿದ ಕೈಯದು. ಈ ವಾಕ್ಯ ಬಂತೆಂದರೆ ನಾನು ಕೆಂಪು ಶಾಯಿಯಲ್ಲಿ ಒಂದು ಸರಿ ಗುರುತು ಎಳೆದು ಹತ್ತಕ್ಕೆ ಎಂಟು ಅಂಕ ಕೊಟ್ಟುಬಿಡುತ್ತಿದ್ದೆ. ಆ ವಾಕ್ಯದ ಮೇಲೆ ನನಗೆ ಮೊದಲ ಸಲ ಅನುಮಾನ ಬಂದದ್ದು 2022ರಲ್ಲಿ, ಅಮೆರಿಕದ ಆರೆಗನ್ ರಾಜ್ಯದಲ್ಲಿ, ಒಬ್ಬ ಮುದುಕನ ಗ್ಯಾರೇಜಿನಲ್ಲಿ.

ಮಗಳ ಬಾಣಂತನಕ್ಕೆಂದು ಬೇಸಿಗೆ ರಜೆಯ ಜೊತೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ಪೋರ್ಟ್‌ಲ್ಯಾಂಡ್ ನಗರದ ಹೊರವಲಯದಲ್ಲಿರುವ ಅವಳ ಮನೆಗೆ ಹೋಗಿದ್ದೆ. ಕೂಸಿಗೆ ಸಾಂಬ್ರಾಣಿ ಹೊಗೆ ಹಾಕಲು ಹೋದರೆ ಮನೆಯ ಮಾಡಿನಲ್ಲಿದ್ದ ಗಂಟೆ ಬೊಬ್ಬೆ ಹೊಡೆಯುವ ಊರು ಅದು. ಅಂಥ ಊರಿನಲ್ಲಿ ದಿನವೂ ಮಧ್ಯಾಹ್ನ, ಕೂಸು ಆಗತಾನೆ ಕಣ್ಣು ಮುಚ್ಚಿದ ಹೊತ್ತಿಗೆ ಸರಿಯಾಗಿ, ಪಕ್ಕದ ಮನೆಯಿಂದ ಒಂದು ಸದ್ದು ಏಳುತ್ತಿತ್ತು. ಮೊದಲು ಕೆಮ್ಮಿದಂತೆ, ಆಮೇಲೆ ಗುರುಗುಟ್ಟಿದಂತೆ, ಕೊನೆಗೆ ಕಿರುಚಿದಂತೆ. ಎರಡು ನಿಮಿಷ ಕಿರುಚಿ ಸುಮ್ಮನಾಗುತ್ತಿತ್ತು. ಕೂಸು ಮಾತ್ರ ಸುಮ್ಮನಾಗುತ್ತಿರಲಿಲ್ಲ.

ನನಗೆ ಆ ಸದ್ದಿನ ಗುರುತು ಹತ್ತಿತ್ತು. ಸಾಗರದ ಕಡೆಯ ನಮ್ಮ ಹಳ್ಳಿಗಳಲ್ಲಿ ಅದನ್ನು ಮರ ಕೊಯ್ಯುವ ಮಿಷನ್ ಎನ್ನುತ್ತಾರೆ. ಪೇಟೆಯವರು ಚೈನ್‌ಸಾ ಎನ್ನುತ್ತಾರೆ. ಊರಿನಲ್ಲಿ ಆ ಸದ್ದು ಕೇಳಿತೆಂದರೆ ನಾವು ಹೆಂಗಸರು ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದು ನೋಡುತ್ತೇವೆ, ಯಾರ ಹಿತ್ತಲಿನ ಮರ ಹೋಯಿತೆಂದು. ಇಲ್ಲಿ ದಿನಾ ಮರ ಕೊಯ್ಯಲು ಆ ಮನೆಯ ಅಂಗಳದಲ್ಲಿ ಇದ್ದದ್ದೇ ಎರಡು ಮರ. ಎರಡೂ ನೆಟ್ಟಗೆ ನಿಂತೇ ಇದ್ದವು. ಹಾಗಾದರೆ ಈ ಮನುಷ್ಯ ಕೊಯ್ಯುವುದಾದರೂ ಏನನ್ನು?

"ಅಮ್ಮಾ, ಇಲ್ಲೆಲ್ಲ ಹಾಗೆ ಹೋಗಿ ಜಗಳ ಮಾಡಬಾರದು" ಎಂದಳು ಮಗಳು. ಜಗಳ ಯಾಕೆ ಮಾಡಲಿ, ಕೇಳಿ ಬರುತ್ತೇನೆ ಎಂದು ಸೀರೆಯ ಮೇಲೆ ಅಳಿಯನ ಸ್ವೆಟರ್ ಹಾಕಿಕೊಂಡು ಹೊರಟೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಎಪ್ಪತ್ತೈದು ದಾಟಿದ, ಎತ್ತರದ ಮುದುಕರೊಬ್ಬರು ಬೆಂಚಿನ ಮೇಲೆ ಬಗ್ಗಿ ಏನನ್ನೋ ಉಜ್ಜುತ್ತಿದ್ದರು. ಕೂಸಿನ ವಿಷಯ ಹೇಳಿದೆ. ಅವರಿಗೆ ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. ತಿಳಿದ ಕೂಡಲೇ ಅವರ ಮುಖ ಬಾಡಿತು. ಕೂಸು ಎಷ್ಟು ಹೊತ್ತಿಗೆ ಮಲಗುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಮರುದಿನದಿಂದ ನಾಲ್ಕು ಗಂಟೆಯ ಮೊದಲು ಒಂದು ಸದ್ದೂ ಬರಲಿಲ್ಲ. ಇಷ್ಟು ಮರ್ಯಾದೆಯ ಮನುಷ್ಯ ಇಂಥ ಯಂತ್ರವನ್ನು ಇಟ್ಟುಕೊಂಡು ಮಾಡುವುದೇನು ಎಂಬ ಕುತೂಹಲಕ್ಕೆ, ಎರಡು ದಿನ ಬಿಟ್ಟು ಒಂದು ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಂಡು ಮತ್ತೆ ಹೋದೆ.

ಗ್ಯಾರೇಜಿನ ಮೂರು ಗೋಡೆಗೂ ಹಲಗೆ ಹೊಡೆದಿತ್ತು. ನಾನು ಎಣಿಸಿದೆ, 43 ಯಂತ್ರ. ಒಂದೂ ಹೊಸದಲ್ಲ. ಹಳದಿಯವು ಮೆಕಲಕ್, ನೀಲಿಯವು ಹೋಮ್‌ಲೈಟ್, ಕಿತ್ತಳೆ ಬಣ್ಣದವು ಜರ್ಮನಿಯ ಸ್ಟಿಲ್ ಮತ್ತು ಸ್ವೀಡನ್ನಿನ ಹುಸ್ಕ್‌ವರ್ನಾ ಎಂದು ಅವರು ಮನೆಯ ಮಕ್ಕಳನ್ನು ಪರಿಚಯ ಮಾಡಿಸುವಂತೆ ಮಾಡಿಸಿದರು. ಗುಜರಿ ಅಂಗಡಿಯಿಂದ, ಸತ್ತವರ ಮನೆಯ ಶೆಡ್ಡಿನಿಂದ, ಹಳೆಯ ಸಾಮಾನಿನ ಸಂತೆಯಿಂದ ತಂದವು. ಬರುವಾಗ ಎಲ್ಲವೂ ಹೆಣಗಳೇ. ಅವಕ್ಕೆ ಜೀವ ಬರಿಸುವುದು ಇವರ ಹವ್ಯಾಸ. ಎಷ್ಟೋ ಬಿಡಿ ಭಾಗಗಳು ಈಗ ಕಾರ್ಖಾನೆಯಲ್ಲಿ ಆಗುವುದಿಲ್ಲವಾದ್ದರಿಂದ ಮೂರು ಹೆಣ ಬಿಚ್ಚಿ ಒಂದನ್ನು ಎಬ್ಬಿಸಬೇಕು. ಆ ದೇಶದಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರಂತೆ. ಬೇಸಿಗೆಯಲ್ಲಿ ಒಂದು ಕಡೆ ಸೇರಿ, ಬಿದ್ದ ದಿಮ್ಮಿಯೊಂದನ್ನು ನಡುವೆ ಇಟ್ಟುಕೊಂಡು ಒಬ್ಬರ ಯಂತ್ರ ಒಬ್ಬರು ಓಡಿಸಿ ನೋಡುತ್ತಾರಂತೆ. ನಮ್ಮಲ್ಲಿ ಹೆಂಗಸರು ಮದುವೆಮನೆಯಲ್ಲಿ ಒಬ್ಬರ ಸೀರೆ ಒಬ್ಬರು ಮುಟ್ಟಿ ನೋಡುವ ಹಾಗೆ ಎಂದುಕೊಂಡೆ.

ಆಮೇಲೆ ದಿನವೂ ನಾಲ್ಕಕ್ಕೆ, ಮಗಳಿಗೂ ಕೂಸಿಗೂ ಬೇಕಾದ್ದು ಮುಗಿಸಿ ನಾನು ಅಲ್ಲಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂರುವುದು ರೂಢಿಯಾಯಿತು. ಆ ಕೆಲಸ ನೋಡುವುದಕ್ಕೆ ಚೆನ್ನಾಗಿತ್ತು. ಎಷ್ಟೋ ವರ್ಷ ನಿಂತ ಪೆಟ್ರೋಲು ಟ್ಯಾಂಕಿನಲ್ಲಿ ಅಂಟು ಗೋಂದಿನಂತಾಗಿರುತ್ತದೆ. ಮೊದಲು ಅದನ್ನು ತೊಳೆಯಬೇಕು. ಕಾರ್ಬುರೇಟರಿನೊಳಗೆ ತೆಳ್ಳನೆಯ ಒಂದು ರಬ್ಬರಿನ ಪೊರೆ ಇದೆ, ಅದೇ ಯಂತ್ರ ಉಸಿರಾಡುವ ಜಾಗ. ಹಳೆಯದಾದರೆ ಅದು ಹಪ್ಪಳದಂತೆ ಗರಿಗಟ್ಟುತ್ತದೆ. ತೆಗೆದು ಹೊಸದು ಹಾಕಬೇಕು. ಕಿಡಿ ಹುಟ್ಟುವ ಎರಡು ಲೋಹದ ತುದಿಗಳ ನಡುವೆ ಕಾಗದದ ಚೂರು ಎಳೆದು ಕಿಲುಬು ತೆಗೆಯಬೇಕು. ಪಿಸ್ಟನ್ನಿನ ಸುತ್ತಲಿನ ಮಸಿಯನ್ನು ಮರದ ಕಡ್ಡಿಯಿಂದಲೇ ಕೆರೆಯಬೇಕು, ಕಬ್ಬಿಣದಿಂದ ಕೆರೆದರೆ ಗೀರು ಬೀಳುತ್ತದೆ. ಯಂತ್ರಕ್ಕೆ ಎದೆಬಲ ಇದೆಯೋ ಇಲ್ಲವೋ ನೋಡಲು ಎಳೆಯುವ ಹಗ್ಗದ ಹಿಡಿ ಹಿಡಿದು ಇಡೀ ಯಂತ್ರವನ್ನು ತೂಗುಬಿಡುತ್ತಾರೆ. ತಡೆದು ತಡೆದು ನಿಧಾನವಾಗಿ ಕೆಳಗಿಳಿದರೆ ಒಳಗೆ ಜೀವವಿದೆ. ಸರ್ರನೆ ಇಳಿದರೆ ಉಂಗುರ ಸವೆದಿದೆ. ಕೊನೆಗೆ ಸರಪಳಿಯ ಒಂದೊಂದು ಹಲ್ಲಿಗೂ ದುಂಡನೆಯ ಅರ ಹಾಕುವುದು. ಬಲಗಡೆಯ ಹಲ್ಲಿಗೆ ಮೂರು ಎಳೆತವಾದರೆ ಎಡಗಡೆಯದಕ್ಕೂ ಮೂರೇ. ಒಂದು ಕಡೆ ಹೆಚ್ಚಾಯಿತೋ, ಗರಗಸ ಮರದೊಳಗೆ ಓರೆಯಾಗಿ ಹೋಗುತ್ತದೆ. ಹೆಣೆಯುವಾಗ ಹೊಲಿಗೆ ಎಣಿಸುವ ನಮಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಕೆಲಸ ಮಾಡುತ್ತಾ ಅವರು ಹೇಳುತ್ತಿದ್ದ ಚರಿತ್ರೆಯೂ ಸ್ವಾರಸ್ಯವಾಗಿತ್ತು. ಜರ್ಮನಿಯ ಆಂದ್ರಿಯಾಸ್ ಸ್ಟಿಲ್ 1926ರಲ್ಲಿ ಮಾಡಿದ ಮೊದಲ ಯಂತ್ರ ಕರೆಂಟಿನಿಂದ ನಡೆಯುವುದು, ತೂಕ 64 ಕಿಲೋ. ತುಂಬಿದ ಎರಡು ಗ್ಯಾಸ್ ಸಿಲಿಂಡರಿಗಿಂತ ಭಾರ. ಹಿಡಿಯಲು ಇಬ್ಬರು ಬೇಕು. 1927ರಲ್ಲಿ ಅದೇ ದೇಶದ ಎಮಿಲ್ ಲೆರ್ಪ್, ಡೋಲ್ಮಾರ್ ಎಂಬ ಗುಡ್ಡದ ಮೇಲೆ ಪೆಟ್ರೋಲಿನ ಗರಗಸ ಓಡಿಸಿ ತೋರಿಸಿದ. 1949ರಲ್ಲಿ ಅಮೆರಿಕದ ಮೆಕಲಕ್ ಕಂಪನಿಯದು 25 ಪೌಂಡಿಗೆ, ಎಂದರೆ ಹನ್ನೊಂದು ಚಿಲ್ಲರೆ ಕಿಲೋಗೆ ಇಳಿಯಿತು. ಒಬ್ಬನೇ ಹಿಡಿದು ಓಡಾಡಬಹುದಾಯಿತು. ಆ ಕಂಪನಿಯ ರಾಬರ್ಟ್ ಮೆಕಲಕ್ ಎಷ್ಟು ದುಡ್ಡು ಮಾಡಿದನೆಂದರೆ, 1968ರಲ್ಲಿ ಲಂಡನ್ನಿನ ಹಳೆಯ ಕಲ್ಲಿನ ಸೇತುವೆಯನ್ನೇ ಕೊಂಡು, ಕಲ್ಲು ಕಲ್ಲು ಬಿಚ್ಚಿಸಿ ತರಿಸಿ, ಅರಿಜೋನಾದ ಮರಳುಗಾಡಿನಲ್ಲಿ ಮತ್ತೆ ಕಟ್ಟಿಸಿದ. ಹಳೆಯ ವಸ್ತುವಿನ ಹುಚ್ಚು ಯಾರ್‍ಯಾರಿಗೆ ಹೇಗೆ ಹೇಗೆ ಹಿಡಿಯುತ್ತದೋ!

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವು ಇನ್ನೆರಡು ಸಂಗತಿ. ಮೊದಮೊದಲ ಸರಪಳಿಯ ಹಲ್ಲುಗಳು ಬಹಳ ಬೇಗ ಮೊಂಡಾಗುತ್ತಿದ್ದವಂತೆ. 1946ರಲ್ಲಿ ಆರೆಗನ್ನಿನವನೇ ಆದ ಜೋ ಕಾಕ್ಸ್ ಎಂಬ ಮರ ಕೊಯ್ಯುವವನು ಸೌದೆ ಒಡೆಯುವಾಗ ಮರದ ಬೊಡ್ಡೆಯೊಳಗೆ ತೋರುಬೆರಳಿನಷ್ಟು ದೊಡ್ಡ ಒಂದು ಹುಳು ಕಂಡ. ಅದು ಒಂದು ದವಡೆಯಿಂದ ಎಡಕ್ಕೆ, ಇನ್ನೊಂದರಿಂದ ಬಲಕ್ಕೆ, ಮರದ ನಾರನ್ನು ಲೆಕ್ಕಿಸದೆ ಕೆರೆದುಕೊಂಡು ಹೋಗುತ್ತಿತ್ತು. ಕಾಕ್ಸ್ ಅದರ ದವಡೆಯನ್ನೇ ಉಕ್ಕಿನಲ್ಲಿ ಮಾಡಿ ಸರಪಳಿಗೆ ಕೂರಿಸಿದ. 1947ರಲ್ಲಿ ಇದೇ ಪೋರ್ಟ್‌ಲ್ಯಾಂಡಿನಲ್ಲಿ ಅದರ ತಯಾರಿ ಶುರುವಾಯಿತು. ಇವತ್ತು ಲೋಕದ ಬಹುಪಾಲು ಗರಗಸಗಳಲ್ಲಿ ಇರುವುದು ಆ ಹುಳುವಿನ ಹಲ್ಲೇ.

ಎರಡನೆಯದನ್ನು ಅವರು ಸ್ವಲ್ಪ ಹಿಂಜರಿಯುತ್ತಲೇ ಹೇಳಿದರು. ಹಲ್ಲು ಕಟ್ಟಿದ ಸರಪಳಿ ಮೊದಲು ಹುಟ್ಟಿದ್ದು ಮರಕ್ಕಾಗಿ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್‌ಲೆಂಡಿನ ವೈದ್ಯರು ಅಂಥದೊಂದನ್ನು ಮಾಡಿದ್ದರು. ಎರಡು ತುದಿಗೂ ಹಿಡಿ, ನಡುವೆ ಸಣ್ಣ ಹಲ್ಲಿನ ಸರಪಳಿ. ಎಡಿನ್‌ಬರೋದ ಜಾನ್ ಏಟ್ಕಿನ್ 1785ರ ತನ್ನ ಹೆರಿಗೆಶಾಸ್ತ್ರದ ಪುಸ್ತಕದಲ್ಲಿ ಅದನ್ನು ತೋರಿಸಿದ್ದಾನೆ. ಮಗುವಿನ ತಲೆ ಸಿಕ್ಕಿಕೊಂಡು ಹೆರಿಗೆಯಾಗದಿದ್ದಾಗ ತಾಯಿಯ ಸೊಂಟದ ಮುಂದಿನ ಕೀಲನ್ನು ಕತ್ತರಿಸಿ ಅಗಲ ಮಾಡುವುದಕ್ಕೆ, ಮತ್ತೆ ಕೊಳೆತ ಎಲುಬು ತೆಗೆಯುವುದಕ್ಕೆ. ಪ್ರಜ್ಞೆ ತಪ್ಪಿಸುವ ಔಷಧಿ ಬರಲು ಆಗಿನ್ನೂ ಅರವತ್ತು ವರ್ಷ ಇತ್ತು. ನಾನು ಮಾತಾಡದೆ ಎದ್ದು ಮನೆಗೆ ಬಂದೆ. ಸಿಸೇರಿಯನ್ ಆದ ಮಗಳು ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಳು. ಅವಳ ಹೊಟ್ಟೆಯ ಮೇಲಿನ ಗಾಯ ಒಣಗುತ್ತಿತ್ತು. ಕೊಯ್ಯುವ ಹತ್ಯಾರು ಇಲ್ಲದಿದ್ದರೆ ಆ ಇಬ್ಬರಲ್ಲಿ ಯಾರು ಇರುತ್ತಿದ್ದರೋ ಇಲ್ಲವೋ.

ಆ ರಾತ್ರಿ, ನನ್ನ ಹಳೆಯ ವಾಕ್ಯವೇ ಸರಿ ಅನ್ನಿಸಿತು. ಹತ್ಯಾರಿಗೆ ಎಲುಬೂ ಒಂದೇ, ಮರವೂ ಒಂದೇ. ಪಾಪ ಪುಣ್ಯ ಎಲ್ಲ ಹಿಡಿದ ಕೈಯದು. ಆದರೆ ಮರುದಿನ ನೋಡಿದ್ದು ಆ ಕೈಯನ್ನೇ.

ಅವತ್ತು ಚಳಿ ಇತ್ತು. ಅರ ಹಾಕುತ್ತಿದ್ದ ಅಜ್ಜನ ಬಲಗೈಯ ಬೆರಳುಗಳು ಇದ್ದಕ್ಕಿದ್ದಂತೆ ಸುಣ್ಣ ಬಳಿದಂತೆ ಬೆಳ್ಳಗಾದವು. ಅವರು ಅರ ಕೆಳಗಿಟ್ಟು ಕೈಯನ್ನು ಕಂಕುಳಲ್ಲಿ ಒತ್ತಿಕೊಂಡರು. ಹಳೆಯ ಯಂತ್ರಗಳಿಗೆ ನಡುಕ ತಡೆಯುವ ರಬ್ಬರಿನ ಮೆತ್ತೆ ಇರಲಿಲ್ಲ. ವರ್ಷಗಟ್ಟಲೆ ಹಿಡಿದವರ ಬೆರಳಿನ ರಕ್ತನಾಳ ಕೆಟ್ಟು, ಚಳಿಗೆ ಬೆರಳು ಬಿಳಿಚಿ ಮರಗಟ್ಟುತ್ತದೆ. ಕಿವಿ ಹೋದದ್ದೂ ಅದರಿಂದಲೇ. ಆಗಲೇ ಗೊತ್ತಾದದ್ದು, ಇವರು ಸುಮ್ಮನೆ ಹವ್ಯಾಸದವರಲ್ಲ, ಹದಿನೆಂಟನೆಯ ವಯಸ್ಸಿನಿಂದ ಕಾಡಿನಲ್ಲಿ ಮರ ಬೀಳಿಸಿದವರು. ಅವರ ತಂದೆಯೂ ಅದೇ, ಅಜ್ಜನೂ ಅದೇ. ಅಜ್ಜನ ಕಾಲದ್ದು ಇಬ್ಬರು ಎಳೆಯುವ ಉದ್ದನೆಯ ಕೈಗರಗಸ. ಅದೂ ಒಂದು ಗೋಡೆಯ ಮೇಲಿತ್ತು. ಅದಕ್ಕೆ ಅಲ್ಲಿಯವರು ಇಟ್ಟ ಅಡ್ಡಹೆಸರಿನ ಅರ್ಥ ಸಂಕಟದ ಚಾಟಿ ಎಂದು.

ಈಗ ನನ್ನೊಳಗಿನ ಟೀಚರು ಸುಮ್ಮನಿರಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಹೆಂಗಸರು ಗಂಡಸರು, ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತಿದ್ದರು. ಅಪ್ಪಿಕೋ ಚಳವಳಿ ಶುರುವಾದದ್ದು ಅಲ್ಲಿಂದ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಮರ ಕಡಿಯುವುದು ಪಾಪ ಎಂದು ಆ ಕಾಲದಲ್ಲಿ ಮನಸ್ಸಿಗೆ ಇಳಿದದ್ದು ಇವತ್ತಿಗೂ ಹಾಗೇ ಇದೆ. ಅದನ್ನು ಅವರಿಗೆ ಹೇಳಿ, "ಇಷ್ಟು ಕಾಡು ತಿಂದ ಯಂತ್ರಗಳನ್ನು ನೀವು ಇಷ್ಟು ಮುದ್ದು ಮಾಡುತ್ತೀರಲ್ಲ, ಮನಸ್ಸು ಹೇಗೆ ಬರುತ್ತದೆ?" ಎಂದು ಕೇಳಿಯೇಬಿಟ್ಟೆ.

ಅವರಿಗೆ ಸಿಟ್ಟು ಬರಲಿಲ್ಲ. ಆ ಪ್ರಶ್ನೆ ಅವರಿಗೆ ಹೊಸದಲ್ಲ. ಅಲ್ಲಿಯ ಹಳೆಯ ಕಾಡಿನಲ್ಲಿ ಹೆಚ್ಚಾಗಿ ಬದುಕುವ ಚುಕ್ಕೆಗೂಬೆಯನ್ನು ಅಳಿವಿನ ಬೆದರಿಕೆಯಲ್ಲಿರುವ ಜೀವಿಗಳ ಪಟ್ಟಿಗೆ 1990ರಲ್ಲಿ ಸೇರಿಸಿದರು. 1994ರಲ್ಲಿ ಸರಕಾರಿ ಕಾಡಿನ ಮರ ಕಡಿಯುವುದಕ್ಕೆ ದೊಡ್ಡ ಕಡಿವಾಣ ಬಿತ್ತು. ಎಷ್ಟೋ ಮರದ ಮಿಲ್ಲುಗಳು ಮುಚ್ಚಿದವು. ಇವರೂ ಕೆಲಸ ಕಳೆದುಕೊಂಡವರೇ. ಆಗ ಪೇಟೆಯವರು ಇವರನ್ನು ಕಾಡುಗಳ್ಳರಂತೆ ನೋಡಿದ್ದನ್ನೂ ಅವರು ಮರೆತಿರಲಿಲ್ಲ.

"ಇದನ್ನು ಗುಜರಿಗೆ ಹಾಕಿದರೆ ಆ ಮರಗಳು ಎದ್ದು ನಿಲ್ಲುತ್ತವೆಯೇ ಟೀಚರ್?" ಎಂದು ಕೇಳಿದರು. "ಹಾಗೆಂದು ಯಂತ್ರದ ತಪ್ಪೇನೂ ಇಲ್ಲ ಎನ್ನುವವನೂ ನಾನಲ್ಲ. ಕೈಗರಗಸ ಎಳೆಯುತ್ತಿದ್ದ ನನ್ನ ಅಜ್ಜನಿಗೆ ಸುಸ್ತಾಗುತ್ತಿತ್ತು. ಸುಸ್ತಾದವನು ಕೂತು ಮರವನ್ನು ನೋಡುತ್ತಾನೆ. ನನಗೆ ಕೂರಲು ಹೊತ್ತೇ ಇರಲಿಲ್ಲ. ನಾನು ತಲೆ ಎತ್ತಿ ನೋಡುತ್ತಿದ್ದದ್ದು, ಒಣಕೊಂಬೆ ತಲೆಯ ಮೇಲೆ ಬೀಳುತ್ತದೆಯೇ ಎಂದು ಮಾತ್ರ."

ಆಮೇಲೆ ಒಂದು ಹಳದಿ ಯಂತ್ರವನ್ನು ಇಳಿಸಿ ತೋರಿಸಿದರು. ಪ್ರತಿಯೊಂದು ಯಂತ್ರಕ್ಕೂ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಏನೇನು ರಿಪೇರಿ ಆಯಿತು, ಮೊದಲು ಯಾರ ಕೈಯಲ್ಲಿತ್ತು, ಯಾವ ಕಣಿವೆಯಲ್ಲಿ ಕೆಲಸ ಮಾಡಿತು. ಈ ಹಳದಿಯದು ಅವರದೇ. ಅದರ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಒಂದು ದೊಡ್ಡ ಡಗ್ಲಾಸ್ ಫರ್ ಮರವನ್ನು ಬೀಳಿಸಿದಾಗ ಅದು ಬಂಡೆಗೆ ಬಡಿದು ಉದ್ದಕ್ಕೂ ಸೀಳಿಹೋಯಿತು. ಲಾರಿಗೂ ಏರಲಿಲ್ಲ, ಮಿಲ್ಲಿಗೂ ಹೋಗಲಿಲ್ಲ. ಅಲ್ಲೇ ಬಿಟ್ಟು ಬಂದರು. ಹೊರಡುವ ಮೊದಲು ಇವರು ಬೊಡ್ಡೆಯ ಉಂಗುರ ಎಣಿಸಲು ಕೂತರಂತೆ. 400 ದಾಟಿದ ಮೇಲೆ ನಿಲ್ಲಿಸಿದರಂತೆ. "ಉಳಿದವುಗಳ ಬಗ್ಗೆ ನನಗೆ ಅಂಥ ಸಂಕಟವಿಲ್ಲ. ಸುಳ್ಳು ಹೇಳುವುದಿಲ್ಲ. ನಿಮ್ಮ ಮಗಳ ಮನೆಯ ಗೋಡೆಯೊಳಗೆ ಇರುವುದೂ ಆ ಜಾತಿಯ ಮರವೇ ಇರಬೇಕು. ಆದರೆ ಆ ಒಂದು ಮರ ಯಾರಿಗೂ ಬೇಡವಾಗಿ ಹೋಯಿತು. ಈ ಯಂತ್ರ ನನ್ನ ಕಣ್ಣೆದುರಿಗೆ ಇಲ್ಲದಿದ್ದರೆ ನಾನು ಅದನ್ನು ಎಂದೋ ಮರೆತುಬಿಡುತ್ತಿದ್ದೆ."

ನನಗೆ ಆ ಉತ್ತರ ಅಷ್ಟು ಸಮಾಧಾನ ಕೊಡಲಿಲ್ಲವೆಂದು ಒಪ್ಪಿಕೊಳ್ಳಬೇಕು. ಎಲ್ಲಕ್ಕೂ ಪಶ್ಚಾತ್ತಾಪ ಪಡುತ್ತಾರೆ ಎಂದು ನಾನು ಕಾದಿದ್ದೆ. ಮಕ್ಕಳು ತಪ್ಪು ಮಾಡಿದಾಗ ತಲೆ ತಗ್ಗಿಸಿ ನಿಲ್ಲಲಿ ಎಂದು ಬಯಸುವ ನಮ್ಮ ಕಸುಬಿನ ಚಾಳಿ ಅದು. ಆದರೆ ರಾತ್ರಿ ಮಲಗಿ ಮಾಡು ನೋಡಿದಾಗ ಮರವೇ ಕಣ್ಣಿಗೆ ಕಟ್ಟಿತು. ಆ ಊರಿನ ಮನೆಗಳ ಎಲುಬೆಲ್ಲ ಮರದ್ದೇ. ಅದೇ ಮರದ ಕೆಳಗೆ ಮಲಗಿ, ಕಡಿದವನಿಗೆ ಬುದ್ಧಿ ಹೇಳಿ ಬಂದಿದ್ದೆ. ಅಷ್ಟೇ ಅಲ್ಲ, ಎಷ್ಟೋ ವರ್ಷದಿಂದ ನೆನೆಯದೆ ಇದ್ದ ಇನ್ನೊಂದು ಮರವೂ ನೆನಪಾಯಿತು.

ನನ್ನ ಬಿ.ಎ. ಮುಗಿದ ಮೇಲೆ ಬಿ.ಎಡ್.ಗೆ ಸೀಟು ಸಿಕ್ಕಿತು. ಫೀಸಿಗೂ ಹಾಸ್ಟೆಲಿಗೂ ದುಡ್ಡಿರಲಿಲ್ಲ. ಹುಡುಗಿಗೆ ಇಷ್ಟು ಓದು ಸಾಕು ಎಂದವರೇ ಹೆಚ್ಚು. ಅಪ್ಪಯ್ಯ ಯಾರ ಹತ್ತಿರವೂ ಮಾತಾಡದೆ ಹಿತ್ತಲಿನ ಹಲಸಿನ ಮರವನ್ನು ಮಾರಿದರು. ಅವರ ಅಜ್ಜ ನೆಟ್ಟ ಮರ. ನಾವೆಲ್ಲ ಅದರ ಹಣ್ಣು ತಿಂದು, ಹಪ್ಪಳ ಒಣಗಿಸಿ, ಬೇಳೆ ಸುಟ್ಟು ಬೆಳೆದವರು. ಆಗ ನಮ್ಮಲ್ಲಿಗೆ ಮಿಷನ್ ಬಂದಿರಲಿಲ್ಲ. ಗರಗಸದವರು ಮರ ಕೆಡವಿ, ದಿಮ್ಮಿಯನ್ನು ಎತ್ತರಕ್ಕೆ ಏರಿಸಿ, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಹಲಗೆ ಸೀಳಿದರು. ಕೆಲಸ ಎಂಟು ದಿನ ನಡೆಯಿತು. ಎಂಟು ದಿನವೂ ಅಪ್ಪಯ್ಯ ಬೆಳಿಗ್ಗೆ ಕಾಫಿ ಕುಡಿದು ತೋಟಕ್ಕೆ ಹೋದವರು ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದರು. ಅಂಗಳದ ತುಂಬ ಅರಿಸಿನ ಚೆಲ್ಲಿದಂತೆ ಹಳದಿ ಹೊಟ್ಟು. ಅಮ್ಮ ಅದನ್ನು ಗುಡಿಸುತ್ತಾ ಒಂದು ಮಾತೂ ಆಡಲಿಲ್ಲ. ನಾನು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ನನಗೆ ಖುಷಿಯೇ ಆಗಿತ್ತು.

ಆ ಮರವನ್ನು ಕಡಿದವರು ಯಾರು? ಗರಗಸದವರು ಕೂಲಿಗೆ ಬಂದವರು. ಗರಗಸ ಕಬ್ಬಿಣ. ಅಪ್ಪಯ್ಯನಿಗೆ ನೋಡುವುದಕ್ಕೂ ಆಗಲಿಲ್ಲ. ಹಿಡಿದ ಕೈಯದು ತಪ್ಪು ಎಂಬ ನನ್ನ ವಾಕ್ಯದ ಪ್ರಕಾರ ನೋಡಿದರೆ ನನ್ನ ಹೆಸರು ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ. ಆದರೆ ಆ ಮರ ಬಿದ್ದದ್ದು ನನಗಾಗಿ. ಇಷ್ಟು ವರ್ಷ ತಿಂಗಳು ತಿಂಗಳೂ ಸಂಬಳ ಎಣಿಸಿದ ಕೈ ನನ್ನದು. ಆ ಜಾಣ ವಾಕ್ಯದ ಕೊರತೆ ನನಗೆ ಕಂಡದ್ದು ಅಲ್ಲಿ. ಅದು ಹತ್ಯಾರನ್ನು ಬಿಡುಗಡೆ ಮಾಡುವ ನೆಪದಲ್ಲಿ ದೂರದಲ್ಲಿ ನಿಂತು ಫಲ ಉಂಡವರನ್ನೆಲ್ಲ ಬಿಡುಗಡೆ ಮಾಡುತ್ತದೆ. ಹಿಡಿದ ಒಂದು ಕೈಯ ಮೇಲೆ ಎಲ್ಲವನ್ನೂ ಹೊರಿಸಿ ನಾವು ಕೈ ತೊಳೆದುಕೊಳ್ಳುತ್ತೇವೆ.

ಹತ್ಯಾರೂ ಪೂರ್ತಿ ನಿರಪರಾಧಿಯಲ್ಲ ಎಂದು ಈಗ ಅನ್ನಿಸುತ್ತದೆ. ಎಂಟು ದಿನದ ಕೆಲಸ ಅಪ್ಪಯ್ಯನಿಗೆ ಎಂಟು ದಿನದ ಸಂಕಟ ಕೊಟ್ಟಿತು. ಈಗಿನ ಮಿಷನ್ ಆಗಿದ್ದರೆ ಒಂದು ಬೆಳಗಿನಲ್ಲಿ ಮುಗಿದು, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿರುತ್ತಿದ್ದೆವು. ವೇಗ ಕಾಲವನ್ನು ಮಾತ್ರ ಉಳಿಸುವುದಿಲ್ಲ, ನೋವನ್ನೂ ಉಳಿಸಿಬಿಡುತ್ತದೆ. ಹಾಗೆಂದು ನಿಧಾನವೇ ಧರ್ಮ ಎನ್ನಲೂ ಆಗದು. ಯಂತ್ರ ಬರುವ ಮೊದಲೂ ಕೊಡಲಿ ಮತ್ತು ಕೈಗರಗಸದಿಂದಲೇ ಆರೆಗನ್ನಿನಲ್ಲೂ ನಮ್ಮ ಘಟ್ಟದಲ್ಲೂ ಕಾಡುಗಳು ಬೋಳಾಗಿವೆ. ಸಂಕಟದ ಚಾಟಿ ಎಳೆದವರ ರಟ್ಟೆಗೆ ಈ ಯಂತ್ರ ದೊಡ್ಡ ಉಪಕಾರ ಮಾಡಿದ್ದೂ ನಿಜ. ಬೀಸುವ ಕಲ್ಲು, ಒರಳು ಬಿಟ್ಟು ಮಿಕ್ಸಿ ಗ್ರೈಂಡರಿಗೆ ಬಂದ ನಾವು ಹೆಂಗಸರು, ಗಂಡಸರು ಮಾತ್ರ ಕೈಗರಗಸವನ್ನೇ ಎಳೆಯಬೇಕಿತ್ತು ಎಂದರೆ ನ್ಯಾಯವಾಗುವುದಿಲ್ಲ.

ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ತನ್ನ ಜಾತಿಯನ್ನು ತಾನೇ ಕಡಿಯುತ್ತದೆ ಎಂದು ಮರದ ಕಾವನ್ನು ಬೈಯುವ ಗಾದೆ ಅದು. ಆದರೆ ಆ ಕಾವಿಗಾಗಿಯಾದರೂ ಕೊಡಲಿ ಮರಕ್ಕೆ ಋಣಿಯಾಗಿತ್ತು. ಈ ಯಂತ್ರಕ್ಕೆ ಕಾವೂ ಬೇಡ. ಅದರ ಹಲ್ಲು ಮರದೊಳಗಿನ ಹುಳುವಿನಿಂದ ಕಲಿತದ್ದು ಎಂಬುದಷ್ಟೇ ಉಳಿದ ಋಣ, ಅದೂ ಹೇಳುವವರು ಇದ್ದರೆ ಮಾತ್ರ. ಆ ಅಜ್ಜ ಮಾಡುತ್ತಿದ್ದದ್ದು ಅದೇ ಎಂದು ನನಗೆ ತಿಳಿದದ್ದು ಹೊರಡುವ ದಿನ ಹತ್ತಿರ ಬಂದಾಗ. ಯಂತ್ರ ರಿಪೇರಿ ಮಾಡುವುದು ಅವರಿಗೆ ಸಂತೋಷ, ಅದರಲ್ಲಿ ಸಂಶಯವಿಲ್ಲ. ಸುಟ್ಟ ಎಣ್ಣೆಯ ವಾಸನೆ ಬಂದರೆ ಅವರ ಮುಖ ಹದಿನೆಂಟರ ಹುಡುಗನದಾಗುತ್ತಿತ್ತು. ಆದರೆ ಅವರು ಸಂತೋಷದ ಜೊತೆಗೆ ಚೀಟಿಯನ್ನೂ ಕಟ್ಟುತ್ತಿದ್ದರು. ನಾಚಿಕೆಯಿಂದ ಎಸೆಯಲಿಲ್ಲ, ಹೆಮ್ಮೆಯಿಂದ ಚೀಟಿಯ ಸಾಲನ್ನು ಅಳಿಸಲೂ ಇಲ್ಲ.

ಊರಿಗೆ ಬಂದ ಮೇಲೆ ನವರಾತ್ರಿ ಬಂತು. ಆಯುಧಪೂಜೆಯ ಹಿಂದಿನ ದಿನ ಅಟ್ಟ ಹತ್ತಿ ಹಳೆಯ ಈಳಿಗೆ ಮಣೆ ಇಳಿಸಿದೆ. ಹಲಸಿನ ಮರದ ಹಲಗೆಗಳನ್ನೆಲ್ಲ ವ್ಯಾಪಾರಿ ಒಯ್ದ ಮೇಲೆ ಉಳಿದ ತುಂಡೊಂದರಲ್ಲಿ ಅಪ್ಪಯ್ಯ ಮಾಡಿಸಿದ್ದು ಅದು. ನನ್ನ ಮದುವೆಯಲ್ಲಿ ಕೊಟ್ಟಿದ್ದರು. ಎಷ್ಟೋ ವರ್ಷ ಅದರ ಮೇಲೆ ಕೂತು ತರಕಾರಿ ಹೆಚ್ಚಿದ್ದೆ. ಮಂಡಿನೋವು ಶುರುವಾಗಿ ಮೇಜಿನ ಮೇಲೆ ಚಾಕು ಹಿಡಿದ ಮೇಲೆ ಅಟ್ಟಕ್ಕೆ ಹೋಗಿತ್ತು. ಅಲಗು ತುಕ್ಕು ಹಿಡಿದಿತ್ತು, ಮಣೆ ಸೀಳುಬಿಟ್ಟಿತ್ತು. ಆಚಾರಿಯ ಹತ್ತಿರ ಒಯ್ದರೆ, "ಇದಕ್ಕೆ ಖರ್ಚು ಮಾಡುವ ಬದಲು ಹೊಸದೇ ಬರುತ್ತದಲ್ಲ ಟೀಚರಮ್ಮಾ" ಎಂದ. ಇದನ್ನೇ ಮಾಡಿಕೊಡು ಎಂದೆ. ಸೀಳಿಗೆ ಪಟ್ಟಿ ಕೂರಿಸಿ, ಬೆಣೆ ಬಡಿದು, ಅಲಗು ಮಸೆದು ಕೊಟ್ಟ. ಮಸೆಯುವಾಗ ಮಣೆಯ ಒಂದು ಅಂಚು ಕೆತ್ತಿಹೋಗಿ ಒಳಗಿನ ಹಳದಿ ಕಂಡಿತು.

ಮರುದಿನ ಹೊಲಿಗೆ ಮಿಷನ್, ಕತ್ತರಿ, ನಮ್ಮನೆಯವರ ಸ್ಕೂಟರಿನ ಕೀಲಿ ಇವುಗಳ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದೆ. ವರ್ಷ ವರ್ಷವೂ ಮಾಡುವ ಪೂಜೆಯೇ. ಹತ್ಯಾರುಗಳೇ, ನಮಗೆ ಅನ್ನ ಕೊಟ್ಟಿರಿ ಎಂದು ಕೈ ಮುಗಿಯುವುದು. ಈ ಸಲ ಅದರ ಜೊತೆಗೆ, ಆ ಅನ್ನಕ್ಕಾಗಿ ಏನು ಕಡಿದಿರಿ ಎಂಬುದೂ ನನಗೆ ಗೊತ್ತಿದೆ ಎಂದುಕೊಂಡೆ. ವಿಡಿಯೋ ಕರೆಯಲ್ಲಿ ಮಗಳಿಗೆ ಮಣೆ ತೋರಿಸಿ ಮರದ ಕತೆ ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ. ನಾನು ಯಾವತ್ತೂ ಹೇಳಿರಲಿಲ್ಲ.

ಹತ್ತನೆಯ ತರಗತಿಯ ಮಕ್ಕಳಿಗೆ ಆ ವರ್ಷವೂ ಅದೇ ಪ್ರಬಂಧ ಕೊಟ್ಟೆ. ಚಾಕುವಿನ ವಾಕ್ಯ ಬರೆಯಿರಿ, ಬೇಡ ಎನ್ನುವುದಿಲ್ಲ; ಆದರೆ ಹೆಚ್ಚಿದ ಹಣ್ಣನ್ನು ತಿಂದವರು ಯಾರು ಎಂದೂ ಒಂದು ಸಾಲು ಬರೆಯಿರಿ ಎಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅದಕ್ಕೆ ಎಷ್ಟು ಮಾರ್ಕ್ಸು ಟೀಚರ್?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಷ್ಟು ಕೊಡಬೇಕೆಂದು ನಾನಿನ್ನೂ ನಿರ್ಧಾರ ಮಾಡಿಲ್ಲ.